ಮತ್ತೆ ತಿರುಗುವ ಪಂಪು

ಏಪ್ರಿಲ್ ಕೊನೆಯ ಒಂದು ಸಂಜೆ ಗುಡುಗು ಸಿಡಿಲಿನ ಮಳೆ ಸುರಿದು ಕರೆಂಟ್ ಹೋಯಿತು. ಎರಡು ಗಂಟೆ ಕತ್ತಲು. ಒಂಬತ್ತರ ಸುಮಾರಿಗೆ ಕರೆಂಟ್ ಬಂದಾಗ ಫ್ಯಾನು ತಿರುಗಿತು, ಫ್ರಿಜ್ಜು ಗುರ್ ಎಂದಿತು, ಹಾಲಿನ ಮೂಲೆಯಲ್ಲಿದ್ದ ಮೀನಿನ ತೊಟ್ಟಿಯ ಕೆಳಗಿನ ಕಪಾಟಿನಿಂದ ಪಂಪಿನ 'ಗುಂಯ್' ಶಬ್ದವೂ ಕೇಳಿತು. ಎಲ್ಲ ಸರಿಹೋಯಿತೆಂದು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಏಂಜೆಲ್ ಮೀನುಗಳೂ ನೀರಿನ ಮೇಲ್ಮೈಗೆ ಬಾಯೊಡ್ಡಿ ನಿಂತಿದ್ದವು. ಅವುಗಳ ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಎರಡು ಗೌರಾಮಿಗಳು ಮಾತ್ರ ನೆಮ್ಮದಿಯಾಗಿ ಓಡಾಡುತ್ತಿದ್ದವು. ಮೇಲಿನ ಗಾಳಿಯನ್ನೇ ಗುಟುಕರಿಸಿ ಉಸಿರಾಡಬಲ್ಲ ಒಂದು ಅಂಗ ಅವುಗಳ ತಲೆಯೊಳಗಿದೆ. ತೊಟ್ಟಿಗೆ ನೀರು ಬೀಳಬೇಕಾದ ಕೊಳವೆಯ ಬಾಯಿಂದ ಒಂದು ಹನಿಯೂ ಬರುತ್ತಿರಲಿಲ್ಲ. ಕೆಳಗೆ ಪಂಪು ಗುಂಯ್‌ಗುಟ್ಟುತ್ತಲೇ ಇತ್ತು. ರಾತ್ರಿಯಿಡೀ ಅದು ಸದ್ದು ಮಾಡಿತ್ತೇ ಹೊರತು ಒಂದು ಸುತ್ತೂ ತಿರುಗಿರಲಿಲ್ಲ.

ಪ್ಲಗ್ ಕಿತ್ತು, ಪಂಪನ್ನು ಹೊರತೆಗೆದು, ಮುಂದಿನ ಮುಚ್ಚಳ ಬಿಚ್ಚಿದೆ. ಒಳಗಿನ ಸಣ್ಣ ಕಡ್ಡಿಯ ಮೇಲೆ ಸುಣ್ಣದಂಥ ಬಿಳಿ ಪೊರೆ ಕಟ್ಟಿತ್ತು. ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆದು ಕೂರಿಸಿದ ಮೇಲೆ ಹಾಕಿದ ಸ್ವಿಚ್ಚಿಗೇ ತಿರುಗಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಒಂದು ಏಂಜೆಲ್ ಸತ್ತಿತ್ತು.

ಒಂದೂವರೆ ವರ್ಷ ಹಗಲಿರುಳು ದುಡಿದ ಪಂಪು ಅದು. ನಡುನಡುವೆ ಕರೆಂಟ್ ಹೋಗಿ ಬಂದಾಗಲೂ ತಾನಾಗಿ ಎದ್ದು ತಿರುಗಿತ್ತು. ಅದರೊಳಗೆ ದಿನದಿನವೂ ಕೂರುತ್ತಿದ್ದ ಬಿಳಿ ಪೊರೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತಿರುಗುತ್ತಿರುವ ಪಂಪು ತಿರುಗುತ್ತಲೇ ಇರಲು ಹೆಚ್ಚು ಬಲ ಬೇಡ, ನಿಂತದ್ದು ಮತ್ತೆ ಹೊರಡಲು ಬೇಕು. ನಂಬಬಹುದಾದ ಪಂಪು ಯಾವುದು ಎಂಬ ಪ್ರಶ್ನೆಗೆ ಅಂದಿನಿಂದ ನನ್ನದು ಒಂದೇ ಉತ್ತರ: ಕರೆಂಟ್ ಬಂದ ಮೇಲೆ ಯಾರ ಕೈಯೂ ತಾಗದೆ ಮತ್ತೆ ತಿರುಗುವ ಪಂಪು. ಏಕೆ ಹಾಗೆ, ಅಂಥದ್ದನ್ನು ಆರಿಸುವುದು ಹೇಗೆ ಎಂದು ಈ ಅಧ್ಯಾಯದಲ್ಲಿ ನೋಡೋಣ.

ಮನೆಯ ಸಂಪು, ಮೀನಿನ ಸಂಪು

ನಮ್ಮ ಊರುಗಳ ಮನೆಗಳಲ್ಲಿ ನೆಲದಡಿ ಒಂದು ಸಂಪು, ತಾರಸಿಯ ಮೇಲೊಂದು ಟ್ಯಾಂಕು ಇರುತ್ತವೆ. ಮೋಟಾರು ಸಂಪಿನ ನೀರನ್ನು ಮೇಲಕ್ಕೆ ತಳ್ಳುತ್ತದೆ, ನೀರು ತನ್ನ ಭಾರಕ್ಕೆ ತಾನೇ ನಲ್ಲಿಗಳಿಗೆ ಇಳಿಯುತ್ತದೆ. ದೊಡ್ಡ ಅಕ್ವೇರಿಯಂಗಳ ಏರ್ಪಾಡೂ ಇದೇ, ಹೆಸರೂ ಅದೇ. ಮೀನಿರುವ ತೊಟ್ಟಿಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸೀಳುಗಳಿರುತ್ತವೆ. ತುಂಬಿ ಬಂದ ನೀರು ಅವುಗಳ ಮೂಲಕ ಹೊರಬಿದ್ದು, ಪೈಪಿನಲ್ಲಿ ಇಳಿದು, ಕಪಾಟಿನೊಳಗಿರುವ ಇನ್ನೊಂದು ಗಾಜಿನ ಪೆಟ್ಟಿಗೆಗೆ ಬೀಳುತ್ತದೆ. ಅದೇ ಸಂಪು. ಅಲ್ಲಿ ಕಸ ಸೋಸುವ ಬಟ್ಟೆ, ಸ್ಪಂಜು, ಸರಂಧ್ರ ಕಲ್ಲುಗಳನ್ನು ದಾಟಿ ನೀರು ಕೊನೆಯ ಕೋಣೆಗೆ ಬರುತ್ತದೆ. ಆ ಕೋಣೆಯಲ್ಲಿ ಮುಳುಗಿ ಕುಳಿತು ನೀರನ್ನು ಮತ್ತೆ ಮೇಲಿನ ತೊಟ್ಟಿಗೆ ಹಿಂದಿರುಗಿಸುವುದೇ ರಿಟರ್ನ್ ಪಂಪು.

ಮನೆಯ ಮೋಟಾರು ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಓಡುತ್ತದೆ. ರಿಟರ್ನ್ ಪಂಪಿಗೆ ರಜೆಯಿಲ್ಲ. ವರ್ಷಕ್ಕೆ 8,760 ಗಂಟೆ ಅದು ಓಡಬೇಕು. ಮನೆಯಲ್ಲಿ ಇಷ್ಟು ದುಡಿಯುವ ಇನ್ನೊಂದು ಯಂತ್ರವನ್ನು ಹುಡುಕುವುದು ಕಷ್ಟ. ಫ್ರಿಜ್ಜಿನ ಕಂಪ್ರೆಸರ್ ಕೂಡ ಆಗಾಗ ನಿಂತು ಸುಧಾರಿಸಿಕೊಳ್ಳುತ್ತದೆ.

ಇಷ್ಟು ದುಡಿಮೆ ಏಕೆ ಬೇಕು? ಮೊದಲನೆಯದು ಉಸಿರು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. 25 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಲೀಟರ್ ಸಿಹಿನೀರು ಕರಗಿಸಿಕೊಳ್ಳಬಲ್ಲದ್ದು ಹೆಚ್ಚೆಂದರೆ 8.3 ಮಿಲಿಗ್ರಾಂ. ನೀರು 30 ಡಿಗ್ರಿ ಮುಟ್ಟಿದರೆ ಅದು 7.5ರ ಆಸುಪಾಸಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಮೀನಿಗೆ ಉಸಿರು ಹೆಚ್ಚು ಬೇಕು, ನೀರಿನಲ್ಲಿರುವುದು ಕಡಿಮೆ. ಸಾಲದ್ದಕ್ಕೆ, ನಿಂತ ನೀರಿನಲ್ಲಿ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮೇಲ್ಮೈಯಲ್ಲಿ ಕರಗಿದ್ದು ತಳ ಸೇರಬೇಕಾದರೆ ನೀರು ಮಗುಚಬೇಕು. ಪಶ್ಚಿಮ ಘಟ್ಟದ ಓಡುವ ತೊರೆಗಳಲ್ಲಿ ಬೆಳೆಯುವ ಡೆನಿಸನ್ ಬಾರ್ಬ್‌ನಂಥ ಮೀನುಗಳಿಗಂತೂ ಚಲಿಸುವ ನೀರೇ ಬದುಕು.

ಎರಡನೆಯದು ಕೊಳೆ. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತದೆ. ಅದು ಮೀನಿಗೇ ವಿಷ. ಸಂಪಿನ ಕಲ್ಲು, ಸ್ಪಂಜುಗಳ ಮೇಲೆ ಮನೆಮಾಡಿರುವ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಸೆರ್ಗೈ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ. ಇವುಗಳಿಗೂ ಉಸಿರು ಬೇಕು: ಅಮೋನಿಯಾ ರೂಪದ ಒಂದು ಗ್ರಾಂ ಸಾರಜನಕವನ್ನು ಪೂರ್ತಿ ನೈಟ್ರೇಟ್ ಮಾಡಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಪಂಪು ನಿಂತರೆ ಮೇಲೆ ಮೀನಿಗೂ ಕೆಳಗೆ ಬ್ಯಾಕ್ಟೀರಿಯಾಕ್ಕೂ ಒಟ್ಟಿಗೇ ಉಸಿರು ಕಟ್ಟುತ್ತದೆ. ನನ್ನ ಏಂಜೆಲ್ ಸತ್ತದ್ದು ಹೀಗೆ.

ಗಾಜಿನ ಅರಮನೆಯ ಎರಡು ಕಥೆಗಳು

ನೀರು ಸುತ್ತಬೇಕು ಎಂಬ ತಿಳಿವಳಿಕೆ ಒಮ್ಮೆಗೇ ಬಂದದ್ದಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪ್ರಯೋಗದ ವರದಿ ಕೊಟ್ಟ. ಗಾಜಿನ ತೊಟ್ಟಿಯಲ್ಲಿ ಎರಡು ಗೋಲ್ಡ್‌ಫಿಶ್, ವಾಲಿಸ್ನೇರಿಯಾ ಗಿಡ, ಕೆಲವು ಬಸವನಹುಳುಗಳು. ಗಿಡ ಆಮ್ಲಜನಕ ಕೊಡುತ್ತದೆ, ಹುಳು ಕೊಳೆತ ಎಲೆ ತಿನ್ನುತ್ತದೆ, ಮೀನು ಬದುಕುತ್ತದೆ. ಈ ಸಮತೋಲ ನಿಜ, ಆದರೆ ಸೂಕ್ಷ್ಮ. ತೊಟ್ಟಿ ದೊಡ್ಡದಾಗಿ ಮೀನು ಹೆಚ್ಚಾದರೆ ಗಿಡವೊಂದೇ ಸಾಲದು.

ಅಲ್ಲಿಂದ ಮುಂದಿನ ಹೆಜ್ಜೆ ಇಟ್ಟವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟುಕೊಂಡಿದ್ದ ಆತ 1864ರಲ್ಲಿ ಹ್ಯಾಂಬರ್ಗ್‌ನಲ್ಲಿ, 1871ರಲ್ಲಿ ಲಂಡನ್ನಿನ ಸಿಡನಮ್‌ನಲ್ಲಿದ್ದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯಲ್ಲಿ ಸಾರ್ವಜನಿಕ ಅಕ್ವೇರಿಯಂ ರೂಪಿಸಿದ. ಅವನ ವಿಧಾನ ಇಂದಿನ ನಮ್ಮ ಕಪಾಟಿನೊಳಗಿನ ವಿಧಾನವೇ. ಜನ ನೋಡುವ ತೊಟ್ಟಿಗಳಿಗಿಂತ ದೊಡ್ಡದಾದ, ಬೆಳಕು ಬೀಳದ ನೀರಿನ ಸಂಗ್ರಹ ಕೆಳಗೆ. ಅಲ್ಲಿಂದ ಸಮುದ್ರದ ನೀರನ್ನು ಮೇಲೆತ್ತುವ ಪಂಪು. ತೊಟ್ಟಿಗಳಿಂದ ಉಕ್ಕಿ ಮತ್ತೆ ಕೆಳಗೆ ಇಳಿಯುವ ನೀರು. ಹಗಲೂ ರಾತ್ರಿಯೂ ಪಂಪು ನಿಲ್ಲಬಾರದೆಂಬುದು ಅವನ ಹಟವಾಗಿತ್ತು.

ಇದೇ ಗಾಜಿನ ಕಟ್ಟಡಕ್ಕೆ ಪಂಪಿನದೇ ಇನ್ನೊಂದು ಕಥೆಯೂ ಇದೆ. ಸಿಡನಮ್‌ಗೆ ಬರುವ ಮುಂಚೆ ಅದು 1851ರ ಮಹಾ ಪ್ರದರ್ಶನಕ್ಕಾಗಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಿಂತಿತ್ತು. ಆ ಪ್ರದರ್ಶನದಲ್ಲಿ ಜಾನ್ ಆಪೊಲ್ಡ್ ಎಂಬಾತ ಒಂದು ಕೇಂದ್ರಾಪಗಾಮಿ ಪಂಪು ತೋರಿಸಿದ. ಚಕ್ರವೊಂದು ತಿರುಗಿ ನಡುವಿನ ನೀರನ್ನು ಹೊರ ಅಂಚಿಗೆ ಎಸೆಯುವ ಪಂಪು ಅದು. ಚಕ್ರದ ರೆಕ್ಕೆಗಳನ್ನು ನೆಟ್ಟಗೆ ಇಡುವ ಬದಲು ಅವನು ಬಾಗಿಸಿದ್ದ. ಪರೀಕ್ಷಿಸಿದಾಗ ನೆಟ್ಟಗಿನ ರೆಕ್ಕೆಯ ದಕ್ಷತೆ ಶೇ. 24, ಬಾಗಿದ ರೆಕ್ಕೆಯದು ಶೇ. 68 ಎಂದು ಕಂಡುಬಂತು. ನಮ್ಮ ಹೊಲದ ಪಂಪ್‌ಸೆಟ್ಟುಗಳ ಇಂಪೆಲ್ಲರ್, ಅಂದರೆ ರೆಕ್ಕೆಯ ಚಕ್ರ, ಬಿಚ್ಚಿ ನೋಡಿದವರಿಗೆ ಆ ಬಾಗು ಗೊತ್ತು.

ಈಗ ನಿಮ್ಮ ಅಕ್ವೇರಿಯಂನ ಸಾಮಾನ್ಯ ಎಸಿ ಪಂಪನ್ನು ಬಿಚ್ಚಿ ನೋಡಿ. ಹೆಚ್ಚಿನವುಗಳಲ್ಲಿ ರೆಕ್ಕೆಗಳು ನೆಟ್ಟಗಿರುತ್ತವೆ! 170 ವರ್ಷಗಳ ಹಿಂದೆಯೇ ಸೋತ ವಿನ್ಯಾಸ ಇಂದಿಗೂ ಏಕೆ ಉಳಿದಿದೆ? ಪಂಪು ನಿಂತ ಮೇಲೆ ಏಕೆ ಏಳುವುದಿಲ್ಲ ಎಂಬುದರ ಗುಟ್ಟು ಈ ನೆಟ್ಟಗಿನ ರೆಕ್ಕೆಯಲ್ಲೇ ಇದೆ.

ಕಾಂತದ ತೂಗಾಟ

ಮುಚ್ಚಳ ತೆಗೆದು ಇಂಪೆಲ್ಲರನ್ನು ಎಳೆದರೆ ಅದರ ಹಿಂದೆ ಹೆಬ್ಬೆರಳಿನ ಗಾತ್ರದ ಕಪ್ಪು ಉರುಳೆ ಬರುತ್ತದೆ. ಅದು ಶಾಶ್ವತ ಕಾಂತ. ಕರೆಂಟ್ ಹರಿಯುವ ತಂತಿಯ ಸುರುಳಿ ಪಂಪಿನ ಗೋಡೆಯೊಳಗೆ ಎಪಾಕ್ಸಿಯಲ್ಲಿ ಹುದುಗಿದೆ. ನೀರಿಗೂ ಅದಕ್ಕೂ ಸಂಪರ್ಕವಿಲ್ಲ. ಹೊರಗಿನಿಂದ ಒಳಕ್ಕೆ ಹೋಗುವ ಶಾಫ್ಟೇ ಇಲ್ಲವಾದ್ದರಿಂದ ಸೋರುವ ಸೀಲೂ ಇಲ್ಲ. ಕಾಂತದ ನಡುವೆ ಒಂದು ಪಿಂಗಾಣಿ ಕಡ್ಡಿ, ಕಡ್ಡಿಯ ತುದಿಗಳಿಗೆ ರಬ್ಬರಿನ ಟೋಪಿ. ಬೇರಿಂಗಿಗೆ ಗ್ರೀಸ್ ಇಲ್ಲ, ಎಣ್ಣೆಯಿಲ್ಲ, ನೀರೇ ಎಣ್ಣೆ. ತಿರುಗುವ ಭಾಗ ಒಂದೇ ಒಂದು. ಇಷ್ಟು ಸರಳವಾಗಿರುವುದರಿಂದಲೇ ಈ ಪಂಪು ವರ್ಷಗಟ್ಟಲೆ ಬಾಳುತ್ತದೆ.

ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಸುರುಳಿಯ ಕಾಂತಕ್ಷೇತ್ರವೂ ಅಷ್ಟೇ ಸಲ ಉತ್ತರ ದಕ್ಷಿಣ ಅದಲುಬದಲಾಗುತ್ತದೆ. ಎರಡು ಧ್ರುವಗಳ ಉರುಳೆ ಅದರ ತಾಳಕ್ಕೆ ಸೇರಿಕೊಂಡರೆ ಸೆಕೆಂಡಿಗೆ 50, ಅಂದರೆ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಆದರೆ ಆ ಕ್ಷೇತ್ರ ಹಿಂದೆ ಮುಂದೆ ಎಳೆಯುತ್ತದೆಯೇ ಹೊರತು ಸುತ್ತುವುದಿಲ್ಲ. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಅದು ಹೇಳುವುದೇ ಇಲ್ಲ. ಸ್ವಿಚ್ ಹಾಕಿದ ಕ್ಷಣ ಕಾಂತ ಅತ್ತಿತ್ತ ತೂಗುತ್ತದೆ, ತೂಗಾಟ ದೊಡ್ಡದಾಗುತ್ತದೆ, ಯಾವುದೋ ಒಂದು ಕಡೆಗೆ ಜಾರಿ ತಾಳ ಹಿಡಿಯುತ್ತದೆ. ಇವತ್ತು ಎಡಕ್ಕೆ, ನಾಳೆ ಬಲಕ್ಕೆ. ಎರಡು ದಿಕ್ಕಿಗೂ ಒಂದೇ ಥರ ಕೆಲಸ ಮಾಡಬೇಕಾದ ರೆಕ್ಕೆ ನೆಟ್ಟಗೇ ಇರಬೇಕು. ದಕ್ಷತೆ ಬಿಟ್ಟುಕೊಟ್ಟು ಸರಳತೆ ಕೊಂಡ ವಿನ್ಯಾಸ ಇದು.

ಈ ತೂಗಾಟಕ್ಕೆ ಬಲ ತೀರ ಕಡಿಮೆ. ಅದಕ್ಕಾಗಿ ತಯಾರಕರು ಒಂದು ಉಪಾಯ ಮಾಡಿದ್ದಾರೆ. ಒಂದು ಕೈಯಲ್ಲಿ ಕಾಂತವನ್ನೂ ಇನ್ನೊಂದರಲ್ಲಿ ರೆಕ್ಕೆಯನ್ನೂ ಹಿಡಿದು ತಿರುಗಿಸಿ ನೋಡಿ. ಬಹಳಷ್ಟು ಪಂಪುಗಳಲ್ಲಿ ರೆಕ್ಕೆ ಅರ್ಧ ಸುತ್ತಿನಷ್ಟು ಸಡಿಲವಾಗಿ ಆಡಿ, ಆಮೇಲೆ 'ಟಕ್' ಎಂದು ತಡೆಯುತ್ತದೆ. ಮುರಿದಿದೆಯೆಂದು ಅಂಗಡಿಗೆ ತಂದು ಕೊಡುವವರಿದ್ದಾರೆ. ಅದು ಮುರಿದದ್ದಲ್ಲ. ಕಾಂತ ಮೊದಲು ಬರಿಗೈಯಲ್ಲಿ ವೇಗ ಪಡೆಯಲಿ, ನೀರಿನ ಹೊರೆ ಅರ್ಧ ಸುತ್ತಿನ ನಂತರ ಬೀಳಲಿ ಎಂದು ಬಿಟ್ಟ ಜಾಗ ಅದು.

ನಮ್ಮ ಬೋರ್‌ವೆಲ್ ನೀರಿನ ಬಿಳಿ ಪೊರೆ ಕೂರುವುದು ಸರಿಯಾಗಿ ಆ ಜಾಗದಲ್ಲಿ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟು ಬಿಸಿ ತಗುಲಿದಲ್ಲಿ ಕ್ಯಾಲ್ಸಿಯಂ ಕಾರ್ಬನೇಟಾಗಿ ಹೊರಬೀಳುತ್ತದೆ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪೊರೆಯೂ ಇದೇ. ಪಂಪಿನ ಒಳಗೋಡೆ, ಕಡ್ಡಿ, ಕಾಂತದ ಸುತ್ತಲಿನ ಕೂದಲೆಳೆಯ ಸಂದು ಬೆಚ್ಚಗಿರುತ್ತವೆ. ಪೊರೆ ಅಲ್ಲಿ ಬೆಳೆಯುತ್ತದೆ. ಅದರ ಜೊತೆ ಪಾಚಿಯ ಲೋಳೆ ಸೇರುತ್ತದೆ. ತಿರುಗುತ್ತಿರುವ ಉರುಳೆ ತನ್ನ ವೇಗದ ಬಲದಿಂದ ಇದನ್ನೆಲ್ಲ ಸವೆಸಿಕೊಂಡು ಸಾಗುತ್ತದೆ. ಒಮ್ಮೆ ನಿಂತರೆ ಮತ್ತೆ ತೂಗಲು ಜಾಗವಿಲ್ಲ, ತಳ್ಳಲು ಬಲವಿಲ್ಲ. ಗುಂಯ್ ಎಂಬ ಸದ್ದು ಮಾತ್ರ ಉಳಿಯುತ್ತದೆ. ನಿಂಬೆ ಉಪ್ಪು ಅಥವಾ ವಿನೆಗರ್ ಇದಕ್ಕೆ ಮದ್ದು: ಆಮ್ಲ ಆ ಪೊರೆಯನ್ನು ಕರಗಿಸುತ್ತದೆ, ಗುಳ್ಳೆ ಏಳುವುದು ಕಣ್ಣಿಗೇ ಕಾಣುತ್ತದೆ.

ಡಿಸಿ ಪಂಪಿನ ಅನುಕೂಲ, ತೊಡಕು

ಈಚಿನ ಡಿಸಿ ಪಂಪುಗಳಲ್ಲಿ ಸುರುಳಿಗಳನ್ನು ಒಂದರ ನಂತರ ಒಂದರಂತೆ ಹೊತ್ತಿಸುವ ಎಲೆಕ್ಟ್ರಾನಿಕ್ ನಿಯಂತ್ರಕವಿದೆ. ಹೀಗಾಗಿ ಕಾಂತಕ್ಷೇತ್ರ ನಿಜವಾಗಿಯೂ ಸುತ್ತುತ್ತದೆ, ದಿಕ್ಕು ನಿಗದಿಯಾಗುತ್ತದೆ, ಆಪೊಲ್ಡ್‌ನ ಬಾಗಿದ ರೆಕ್ಕೆಯನ್ನು ಬಳಸಬಹುದು. ನಿಧಾನವಾಗಿ ಹೊರಟು ವೇಗ ಪಡೆಯುತ್ತದೆ. ಬೇಕಾದಷ್ಟು ವೇಗಕ್ಕೆ ಹೊಂದಿಸಬಹುದು. ವೇಗ ಇಳಿಸಿದಾಗಿನ ಲಾಭ ದೊಡ್ಡದು: ಪಂಪಿನ ಹರಿವು ವೇಗದಷ್ಟೇ ಇಳಿದರೆ, ಅದು ತಿನ್ನುವ ವಿದ್ಯುತ್ತು ಸುಮಾರಾಗಿ ವೇಗದ ಘನದಷ್ಟು ಇಳಿಯುತ್ತದೆ. ವೇಗವನ್ನು ಶೇ. 80ಕ್ಕೆ ಇಳಿಸಿದರೆ ವಿದ್ಯುತ್ತು ಹತ್ತಿರ ಹತ್ತಿರ ಅರ್ಧ.

ಆದರೆ ಇಲ್ಲಿ ಕೆಡಬಲ್ಲ ವಸ್ತುಗಳು ಮೂರು: ಪಂಪು, ನಿಯಂತ್ರಕ, ಅಡಾಪ್ಟರು. ತೇವದ ಕಪಾಟಿನೊಳಗೆ ನಿಯಂತ್ರಕವನ್ನು ತೂಗುಹಾಕಿದರೆ ಅದರ ಆಯಸ್ಸು ಕುಗ್ಗುತ್ತದೆ. ಉಪ್ಪುನೀರಿನ ತೊಟ್ಟಿಯಾದರೆ ಇನ್ನೂ ಬೇಗ. ಕೊಳ್ಳುವ ಮುನ್ನ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಕರೆಂಟ್ ಹೋಗಿ ಬಂದರೆ ಇದು ಹಿಂದಿನ ವೇಗದಲ್ಲೇ ತಾನಾಗಿ ಹೊರಡುತ್ತದೆಯೇ, ಇಲ್ಲ ಯಾರಾದರೂ ಬಟನ್ ಒತ್ತಬೇಕೇ? ನಿಯಂತ್ರಕವೂ ಇಂಪೆಲ್ಲರೂ ಬಿಡಿಯಾಗಿ ಸಿಗುತ್ತವೆಯೇ? ಮೊದಲನೆಯದಕ್ಕೆ ಮಾತಿನ ಉತ್ತರ ಸಾಲದು. ಬಕೆಟ್ ನೀರಿನಲ್ಲಿ ಮುಳುಗಿಸಿ, ಪ್ಲಗ್ ಕಿತ್ತು, ಮತ್ತೆ ಚುಚ್ಚಿ ತೋರಿಸಲಿ.

ಊರಿಗೆ ಹೋದರೆ ಎರಡು ದಿನ ಮನೆ ಬೀಗ ಹಾಕಿರುವ, ಬೋರ್‌ವೆಲ್ ನೀರಿನ ಮನೆಗೆ ನನ್ನ ಆಯ್ಕೆ ತಾನಾಗಿ ಹೊರಡುವ ಡಿಸಿ ಪಂಪು, ಜೊತೆಗೆ ಕಪಾಟಿನಲ್ಲಿ ಒಂದು ಸಾದಾ ಎಸಿ ಪಂಪು. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯುವ ಅಭ್ಯಾಸವಿರುವವರಿಗೆ ಒಳ್ಳೆಯ ಎಸಿ ಪಂಪೊಂದೇ ಸಾಕು.

ಪೆಟ್ಟಿಗೆಯ ಮೇಲಿನ ಅಂಕಿ

ಪಂಪಿನಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, "ಹೆಡ್ ಎಷ್ಟು ಬೇಕು?" ಹೆಡ್ ಎಂದರೆ ನೀರನ್ನು ಏರಿಸಬೇಕಾದ ಎತ್ತರ. ಅಕ್ವೇರಿಯಂ ಪಂಪಿನ ಪೆಟ್ಟಿಗೆಯ ಮೇಲೆ ಗಂಟೆಗೆ 3,000 ಲೀಟರ್, ಹೆಡ್ 3 ಮೀಟರ್ ಎಂದು ಬರೆದಿದ್ದರೆ ಎರಡೂ ಒಟ್ಟಿಗೆ ಸಿಗುತ್ತವೆ ಎಂದು ತಿಳಿಯಬಾರದು. ಎತ್ತರವೇ ಇಲ್ಲದಿದ್ದಾಗ 3,000 ಲೀಟರ್. 3 ಮೀಟರ್ ಎತ್ತರದಲ್ಲಿ ನೀರು ಬರುವುದೇ ಇಲ್ಲ. ನಮ್ಮ ತೊಟ್ಟಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಆದ್ದರಿಂದ ಹರಿವು ಮತ್ತು ಎತ್ತರದ ನಕ್ಷೆ ಮುದ್ರಿಸಿರುವ ಪಂಪನ್ನೇ ನೋಡಿ.

ಒಂದು ನಿಜವಾದ ತೊಟ್ಟಿಗೆ ಲೆಕ್ಕ ಹಾಕೋಣ. 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ: ಸುಮಾರು 240 ಲೀಟರ್. ಗಂಟೆಗೆ ಮೂರರಿಂದ ಐದು ಸಲ ನೀರು ಸುತ್ತಿದರೆ ಮನೆಯ ತೊಟ್ಟಿಗೆ ಸಾಕು. ಐದು ಸಲವೆಂದರೆ 1,200 ಲೀಟರ್. ಸಂಪಿನ ನೀರಿನ ಮಟ್ಟದಿಂದ ಮೇಲಿನ ತೊಟ್ಟಿಯ ನೀರಿನ ಮಟ್ಟದವರೆಗೆ 1.2 ಮೀಟರ್ ಎನ್ನೋಣ. ಪಂಪು ಸಂಪಿನ ತಳದಲ್ಲಿದ್ದರೂ ಲೆಕ್ಕಕ್ಕೆ ಬರುವುದು ಮಟ್ಟದಿಂದ ಮಟ್ಟಕ್ಕೆ ಇರುವ ಎತ್ತರವೇ. ಇದರ ಮೇಲೆ ಪೈಪಿನ ಘರ್ಷಣೆ ಸೇರುತ್ತದೆ. ಅದರ ನಿಯಮ ನಿರ್ದಯವಾದದ್ದು: ಅದೇ ಹರಿವಿಗೆ ಪೈಪಿನ ಒಳವ್ಯಾಸ ಅರ್ಧವಾದರೆ ಘರ್ಷಣೆ ಸುಮಾರು 32 ಪಟ್ಟು. ದೊಡ್ಡ ಪಂಪಿಗೆ ಹಣ ಸುರಿಯುವ ಮುನ್ನ ಪೈಪನ್ನು ಒಂದಳತೆ ಹಿಗ್ಗಿಸಿ, ಎಲ್ಬೋಗಳನ್ನು ಕಡಿಮೆ ಮಾಡಿ. 20 ಮಿಲಿಮೀಟರ್ ಬದಲು 25 ಮಿಲಿಮೀಟರ್ ಒಳವ್ಯಾಸದ ಪೈಪಾದರೆ ಘರ್ಷಣೆ ಮೂರನೇ ಒಂದಂಶಕ್ಕೆ ಇಳಿಯುತ್ತದೆ.

ಕೂರಿಸಿದ ಮೇಲೆ ನಿಜವಾದ ಹರಿವನ್ನು ಅಳೆಯಲು ಉಪಕರಣ ಬೇಡ. ತೊಟ್ಟಿಗೆ ನೀರು ಬೀಳುವ ಎತ್ತರದಲ್ಲೇ 15 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿ. 45 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,200 ಲೀಟರ್. ಈ ಅಂಕಿಯನ್ನು ಕಪಾಟಿನ ಬಾಗಿಲ ಒಳಗೆ ಬರೆದಿಡಿ. ಆರು ತಿಂಗಳ ಬಳಿಕ ಅದೇ ಬಕೆಟ್ ಒಂದು ನಿಮಿಷ ತೆಗೆದುಕೊಂಡರೆ ಪಂಪು ತೊಳೆಯುವ ಹೊತ್ತು ಬಂದಿದೆ.

ಇನ್ನು ವಿದ್ಯುತ್ತು. 1,200 ಲೀಟರ್ ನೀರನ್ನು ಗಂಟೆಯಲ್ಲಿ 1.2 ಮೀಟರ್ ಎತ್ತಲು ನಿಜವಾಗಿ ಬೇಕಾದದ್ದು ಕೇವಲ 4 ವ್ಯಾಟ್. 40 ವ್ಯಾಟಿನ ಪಂಪಿನಲ್ಲಿ ಹತ್ತನೇ ಒಂಬತ್ತು ಪಾಲು ಬೇರೆಡೆ ಹೋಗುತ್ತದೆ, ಕೊನೆಗೆ ಎಲ್ಲವೂ ನೀರಿನ ಬಿಸಿಯಾಗುತ್ತದೆ. 40 ವ್ಯಾಟ್ ವರ್ಷವಿಡೀ ಓಡಿದರೆ 350 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 2,450 ರೂಪಾಯಿ. ಅಷ್ಟೇ ನೀರನ್ನು 20 ವ್ಯಾಟಿನಲ್ಲಿ ಎತ್ತುವ ಪಂಪಿಗೆ ಹೆಚ್ಚು ಬೆಲೆ ಕೊಟ್ಟರೂ ಎರಡು ಮೂರು ವರ್ಷದಲ್ಲಿ ಹಣ ಮರಳಬಹುದು. ಬೇಸಿಗೆಯಲ್ಲಿ ಮೀನಿಗೆ ತಂಪೂ ಉಳಿಯುತ್ತದೆ: 40 ವ್ಯಾಟಿನ ಬಿಸಿಯನ್ನು ಆವಿಯಾಗುವಿಕೆಯೊಂದೇ ಹೊರಹಾಕಬೇಕಾದರೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಆರಬೇಕು.

ನಿಂತಾಗ ಏನಾಗುತ್ತದೆ, ಕಟ್ಟಿಕೊಂಡಾಗ ಏನಾಗುತ್ತದೆ

ಎಂಥ ಪಂಪೂ ಒಂದು ದಿನ ನಿಲ್ಲುತ್ತದೆ. ಆ ದಿನ ನೆಲಕ್ಕೆ ನೀರು ಚೆಲ್ಲದಂತೆ, ಮೀನು ಸಾಯದಂತೆ ತೊಟ್ಟಿಯನ್ನು ಮೊದಲೇ ಸಜ್ಜು ಮಾಡಿರಬೇಕು.

ಕರೆಂಟ್ ಹೋದಾಗ ಪೈಪಿನಲ್ಲಿ ತುಂಬಿರುವ ನೀರು ಹಿಮ್ಮುಖವಾಗಿ ಇಳಿಯಲು ಶುರುಮಾಡುತ್ತದೆ. ಮೇಲಿನ ಕೊಳವೆಯ ಬಾಯಿ ನೀರೊಳಗೆ 5 ಸೆಂಟಿಮೀಟರ್ ಮುಳುಗಿದ್ದರೆ, ಆ ಬಾಯಿಗೆ ಗಾಳಿ ಸಿಗುವವರೆಗೂ ಸೈಫನ್ ನಿಲ್ಲದು. ನಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಎಂದರೆ 5.4 ಲೀಟರ್, ಐದು ಸೆಂಟಿಮೀಟರ್ ಎಂದರೆ 27 ಲೀಟರ್. ಸಂಪಿನಲ್ಲಿ ಅಷ್ಟು ಖಾಲಿ ಜಾಗವಿಲ್ಲದಿದ್ದರೆ 27 ಲೀಟರ್ ನೆಲದ ಮೇಲಿರುತ್ತದೆ. ಬಾಯಿಯನ್ನು ನೀರಿನ ಮೇಲ್ಮೈಯಿಂದ ಒಂದು ಸೆಂಟಿಮೀಟರ್ ಆಳಕ್ಕೆ ಏರಿಸಿದರೆ ಸಮಸ್ಯೆಯೇ ಕರಗುತ್ತದೆ. ಗಾಳಿ ಸೇರಿ ಸೈಫನ್ ನಿಲ್ಲಲೆಂದು ಪೈಪಿಗೆ ಸಣ್ಣ ತೂತು ಕೊರೆದರೆ ಅದನ್ನು ಪಾಚಿ ಮುಚ್ಚಬಹುದು. ಹಿಮ್ಮುಖ ಹರಿವನ್ನು ತಡೆಯುವ ಚೆಕ್ ವಾಲ್ವ್ ಹಾಕಿದರೆ ಅದರ ಬಾಯಲ್ಲಿ ಒಂದು ಬಸವನಹುಳು ಸಿಕ್ಕಿಕೊಳ್ಳಬಹುದು. ಖಾಲಿ ಜಾಗ ಮಾತ್ರ ಕೆಡುವುದಿಲ್ಲ.

ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ. ನೀರಿಳಿಯುವ ಪೈಪು ಎಲೆಯಿಂದ ಕಟ್ಟಿಕೊಂಡರೆ ಪಂಪು ತನ್ನ ಕೋಣೆಯ ನೀರನ್ನೆಲ್ಲ ಮೇಲಕ್ಕೆ ಸುರಿಯುತ್ತದೆ. 40 ಸೆಂಟಿಮೀಟರ್ ಉದ್ದ, 30 ಅಗಲ, 20 ಆಳದ ಕೋಣೆಯಾದರೆ 24 ಲೀಟರ್; ಮೇಲಿನ ತೊಟ್ಟಿಯಲ್ಲಿ ನೀರು 4.4 ಸೆಂಟಿಮೀಟರ್ ಏರುತ್ತದೆ. ಅಂಚಿನವರೆಗೆ ಅದಕ್ಕಿಂತ ಹೆಚ್ಚು ಜಾಗ ಬಿಟ್ಟಿರಬೇಕು. ದೊಡ್ಡ ಪಂಪು ತಂದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಸೋಲುತ್ತದೆ: ಇಳಿಯುವ ನೀರಿಗೆ ತನ್ನ ಭಾರ ಬಿಟ್ಟರೆ ಬೇರೆ ಬಲವಿಲ್ಲ, ಇಳಿಯುವುದಕ್ಕಿಂತ ಹೆಚ್ಚು ಏರಿಸಿದರೆ ಉಕ್ಕುವುದೇ ಗತಿ.

ಆವಿಯಾಗಿ ಕಡಿಮೆಯಾದ ನೀರಿನ ಲೆಕ್ಕ ಕಾಣುವುದೂ ಪಂಪಿನ ಕೋಣೆಯಲ್ಲೇ. ಮೇಲಿನ ತೊಟ್ಟಿಯ ಮಟ್ಟ ಹಾಗೇ ಇರುತ್ತದೆ, ಕೆಳಗಿನ ಕೋಣೆ ಮಾತ್ರ ಬರಿದಾಗುತ್ತ ಹೋಗುತ್ತದೆ. ಪಂಪು ಗಾಳಿ ಎಳೆದರೆ ಬೇರಿಂಗಿನ ಎಣ್ಣೆಯಾದ ನೀರೇ ಇಲ್ಲದೆ ಕಡ್ಡಿ ಬಿಸಿಯಾಗಿ ಸವೆಯುತ್ತದೆ. ಬಾವಿಯ ಪಂಪ್‌ಸೆಟ್ಟಿಗೆ ನೀರು ಹುಯ್ದು ಸ್ಟಾರ್ಟ್ ಮಾಡುವ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಣೆಯ ಗಾಜಿಗೆ ಒಂದು ಗೆರೆ ಹಾಕಿ, ನೀರು ಗೆರೆಗಿಳಿದರೆ ತುಂಬಿಸಿ.

ಕರೆಂಟಿನ ವಿಷಯದಲ್ಲಿ ಮೂರು ಎಚ್ಚರಿಕೆ. ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಆಮೇಲೆ ಏರಬೇಕು, ವೈರಿನಗುಂಟ ಬಂದ ಹನಿ ಸಾಕೆಟ್ಟಿಗೆ ಹೋಗದೆ ಕೆಳಗೆ ಬೀಳುತ್ತದೆ. ಆ ಲೈನಿಗೆ ಕರೆಂಟ್ ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ನೀರಿಗೆ ಕೈಹಾಕುವ ಮುನ್ನ ಪ್ಲಗ್ ಕೀಳಲೇಬೇಕು. ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪು ಒರಲುತ್ತದೆ, ಬಿಸಿಯಾಗುತ್ತದೆ. ಇನ್ವರ್ಟರೇ ಇಲ್ಲದವರು ಬ್ಯಾಟರಿಯಿಂದ ಓಡುವ ಸಣ್ಣ ಏರ್ ಪಂಪನ್ನಾದರೂ ಇಟ್ಟುಕೊಳ್ಳಿ. ಗಾಳಿಯ ಗುಳ್ಳೆಗಳು ನೀರನ್ನು ಮಗುಚಿದರೆ ಮೀನಿಗೆ ಆ ರಾತ್ರಿ ಕಳೆಯುತ್ತದೆ.

ತಿಂಗಳಿಗೊಂದು ಪರೀಕ್ಷೆ

ಆ ಏಪ್ರಿಲ್ ಬಳಿಕ ಪ್ರತಿ ತಿಂಗಳ ಮೊದಲ ಭಾನುವಾರ ನಾನೇ ಪಂಪಿನ ಸ್ವಿಚ್ ಆರಿಸುತ್ತೇನೆ. ಹತ್ತು ನಿಮಿಷ ಕಾಯುತ್ತೇನೆ. ಸಂಪಿನ ನೀರು ಅಂಚು ದಾಟದೆ ನಿಂತಿತೇ ಎಂದು ನೋಡುತ್ತೇನೆ. ಸ್ವಿಚ್ ಹಾಕಿ, ಸದ್ದನ್ನು ನಂಬದೆ, ಮೇಲಿನ ಕೊಳವೆಯ ಬಾಯಿಗೆ ಅಂಗೈ ಒಡ್ಡಿ ನೀರು ತಾಗುವವರೆಗೂ ಅಲ್ಲೇ ನಿಲ್ಲುತ್ತೇನೆ. ಮೂರು ಸಲ ಹೀಗೆ ಮಾಡುತ್ತೇನೆ. ಮೂರರಲ್ಲಿ ಒಂದು ಸಲ ತಡವರಿಸಿದರೂ ಅಂದೇ ಬಿಚ್ಚಿ ನಿಂಬೆ ಉಪ್ಪಿನ ನೀರಿಗೆ ಹಾಕುತ್ತೇನೆ.

ನಿಮ್ಮ ಮನೆಯಲ್ಲೂ ಮೀನಿನ ತೊಟ್ಟಿಯಿದ್ದರೆ ಈ ಪುಟ ಮಗುಚುವ ಮುನ್ನ ಎದ್ದು ಹೋಗಿ ಆ ಸ್ವಿಚ್ ಆರಿಸಿ, ಹತ್ತು ನಿಮಿಷ ಕಾದು, ಮತ್ತೆ ಹಾಕಿ. ಪಂಪು ಏಳದಿದ್ದರೆ ಗಾಬರಿ ಬೇಡ. ನೀವು ಎಚ್ಚರವಾಗಿದ್ದೀರಿ, ಹಗಲಿದೆ, ತೊಳೆಯಲು ಸಮಯವಿದೆ. ಗುಡುಗಿನ ರಾತ್ರಿಯಲ್ಲಿ ಇವು ಮೂರೂ ಇರುವುದಿಲ್ಲ.